ಚಾವುಂಡರಾಯನೂ ಕಷಾಯಜಯವೂ

ನೂತನ ಜಿನಬಿಂಬದ ಪಂಚಕಲ್ಯಾಣ ಪ್ರತಿಷ್ಠೆಯ ಈ ಮಂಗಳ ಸಂದರ್ಭದಲ್ಲಿ, ಕನ್ನಡ ನಾಡು ಕಂಡ ಪ್ರತಿಷ್ಠಾಪಕರಲ್ಲಿ ಅಗ್ರಗಣ್ಯನಾದ ಚಾವುಂಡರಾಯನನ್ನು ಸ್ಮರಿಸುವುದು ಶ್ರಾವಕರಾದ ನಮಗೆ ಸಹಜವಾದ ಕರ್ತವ್ಯವಾಗಿದೆ. ವಿಂಧ್ಯಗಿರಿಯ ಶಿಖರದಲ್ಲಿ ಐವತ್ತೆಂಟು ಅಡಿಗಳ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಪುಣ್ಯಾತ್ಮನೆಂದೇ ಅವನ ಹೆಸರು ಮನೆಮನೆಯಲ್ಲಿ ಉಳಿದಿದೆ. ಆದರೆ ಆ ಮೂರ್ತಿಯನ್ನು ಮಾಡಿಸುವುದಕ್ಕೆ ಮುಂಚೆ ಅವನು ಯಾರಾಗಿದ್ದನು, ಯಾವ ಬೆಂಕಿಯಲ್ಲಿ ಬೆಂದು ಬಂದವನು ಎಂಬುದನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಅವನ ಬಿರುದಾವಳಿಯಲ್ಲಿ ಸಮ್ಯಕ್ತ್ವರತ್ನಾಕರ ಎಂಬುದೂ ಇದೆ, ಸಮರಪರಶುರಾಮ ಎಂಬುದೂ ಇದೆ. ಮೊದಲನೆಯದು ಅಚಲವಾದ ಶ್ರದ್ಧೆಗೆ ಸಂದದ್ದು, ಎರಡನೆಯದು ತಮ್ಮನ ಸಾವಿಗೆ ತೀರಿಸಿಕೊಂಡ ಸೇಡಿಗೆ ಸಂದದ್ದು. ಈ ಎರಡೂ ಬಿರುದುಗಳು ಒಬ್ಬನೇ ಮನುಷ್ಯನಲ್ಲಿ ಹೇಗೆ ಕೂಡಿ ಬಾಳಿದವು ಎಂಬ ಪ್ರಶ್ನೆಯನ್ನು ಹಿಡಿದು ಅವನ ಚರಿತ್ರೆಯನ್ನು ನೋಡುವುದು ಈ ಲೇಖನದ ಉದ್ದೇಶ.

ಚಾವುಂಡರಾಯನು ಬ್ರಹ್ಮಕ್ಷತ್ರ ಕುಲದಲ್ಲಿ ಜನಿಸಿದವನು. ಅವನ ತಾಯಿ ಕಾಳಲದೇವಿಯೆಂದು ಪರಂಪರೆ ಹೇಳುತ್ತದೆ. ತಲಕಾಡಿನ ಗಂಗರ ಆಸ್ಥಾನದಲ್ಲಿ ಮಂತ್ರಿಯೂ ದಂಡನಾಯಕನೂ ಆಗಿ ಮಾರಸಿಂಹ ಮತ್ತು ಅವನ ತರುವಾಯದ ರಾಚಮಲ್ಲ, ಈ ಇಬ್ಬರು ಅರಸರನ್ನೂ ಅವನು ಸೇವಿಸಿದನು. ಗಂಗವಾಡಿ ತೊಂಬತ್ತಾರು ಸಾವಿರವೆಂದು ಶಾಸನಗಳು ಕರೆಯುವ ಆ ನಾಡು ನಮಗೆ ದೂರದ್ದಲ್ಲ. ಈಗ ಜಯನಗರ, ಬನಶಂಕರಿ, ಜೆ. ಪಿ. ನಗರಗಳೆಂದು ಬಡಾವಣೆಗಳಾಗಿ ಹರಡಿಕೊಂಡಿರುವ ಈ ನೆಲವೂ ಅದರೊಳಗೇ ಸೇರಿತ್ತು. ನಮಗೆ ಸಮೀಪದ ಬೇಗೂರಿನಲ್ಲಿ ದೊರೆತ, ಕ್ರಿ. ಶ. 9ನೆಯ ಶತಮಾನದ ಕೊನೆಯ ಭಾಗದ ಗಂಗರ ಕಾಲದ ಶಾಸನದಲ್ಲಿಯೇ ಬೆಂಗಳೂರು ಎಂಬ ಹೆಸರು ಮೊದಲು ಕಾಣಿಸಿಕೊಳ್ಳುತ್ತದೆ. ಅದೂ ಎಂತಹ ಸಂದರ್ಭದಲ್ಲಿ? ಬೆಂಗಳೂರಿನ ಕಾಳಗದಲ್ಲಿ ಮಡಿದವರ ನೆನಪಿನಲ್ಲಿ. ನಮ್ಮ ಊರಿನ ಹೆಸರೇ ಕಾಳಗದ ನಡುವಿನಿಂದ ಕೇಳಿಬಂದಿತೆಂದ ಮೇಲೆ, ಆ ಯುಗದ ಬದುಕು ಎಂತಹುದಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಚಾವುಂಡರಾಯನ ನಡುವಯಸ್ಸಿನ ಕಾಲವಂತೂ ಮಹಾಪ್ರಳಯದಂತಿತ್ತು. ಕ್ರಿ. ಶ. 973ರಲ್ಲಿ ಚಾಲುಕ್ಯ ತೈಲಪನ ಹೊಡೆತಕ್ಕೆ ರಾಷ್ಟ್ರಕೂಟ ಸಾಮ್ರಾಜ್ಯವು ಉರುಳಿತು. ರಾಷ್ಟ್ರಕೂಟರ ಮಿತ್ರನೂ ಬಂಧುವೂ ಆಗಿದ್ದ ಗಂಗ ಮಾರಸಿಂಹನು ಕೃಷ್ಣ ಚಕ್ರವರ್ತಿಯ ಮೊಮ್ಮಗನಾದ ಇಂದ್ರನನ್ನು ಪಟ್ಟದಲ್ಲಿ ನಿಲ್ಲಿಸಲು ಮಾಡಿದ ಪ್ರಯತ್ನವು ಫಲಿಸಲಿಲ್ಲ. ಅನತಿಕಾಲದಲ್ಲಿಯೇ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನು. ಅರಸನಿಲ್ಲದ ಸಿಂಹಾಸನದ ಸುತ್ತ ಆಕಾಂಕ್ಷಿಗಳು ಕೂಡಿಕೊಳ್ಳುವುದು ಲೋಕಸ್ವಭಾವ. ಅವರನ್ನೆಲ್ಲ ಎದುರಿಸಿ ರಾಚಮಲ್ಲನಿಗೆ ರಾಜ್ಯವನ್ನು ಉಳಿಸಿಕೊಟ್ಟವನು ಚಾವುಂಡರಾಯ.

ಅವನ ಬಿರುದುಗಳೆಲ್ಲ ಹೀಗೆ ಒಂದೊಂದು ರಣರಂಗದಲ್ಲಿ ಹುಟ್ಟಿದವು. ವಜ್ಜಳನನ್ನು ಗೆದ್ದುದಕ್ಕೆ ಸಮರಧುರಂಧರ, ಗೋನೂರಿನಲ್ಲಿ ನೊಳಂಬರನ್ನು ಸೋಲಿಸಿದುದಕ್ಕೆ ವೀರಮಾರ್ತಾಂಡ, ಉಚ್ಚಂಗಿಯ ಕೋಟೆಯಲ್ಲಿ ತೋರಿದ ಪರಾಕ್ರಮಕ್ಕೆ ರಣರಂಗಸಿಂಗ. ಇವುಗಳ ವಿವರವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಸ್ವಾಮಿಕಾರ್ಯಕ್ಕಾಗಿ ಕತ್ತಿಯೆತ್ತಿದ ಜೈನ ದಂಡನಾಯಕರು ನಮ್ಮ ಇತಿಹಾಸದಲ್ಲಿ ಅನೇಕರಿದ್ದಾರೆ. ಗೃಹಸ್ಥನಾದವನು ಸಂಕಲ್ಪಪೂರ್ವಕವಾದ ಹಿಂಸೆಯನ್ನು ಸರ್ವಥಾ ಬಿಡಬೇಕಾದರೂ, ನಾಡಿನ ಮೇಲೆ ಬಿದ್ದ ವಿರೋಧಿಯನ್ನು ತಡೆಯುವ ಹೊಣೆಯಿಂದ ಅವನಿಗೆ ಬಿಡುಗಡೆಯಿಲ್ಲವೆಂದು ಶ್ರಾವಕಾಚಾರವನ್ನು ಬಲ್ಲವರು ಒಪ್ಪುತ್ತಾರೆ.

ಆದರೆ ಸಮರಪರಶುರಾಮ ಎಂಬ ಬಿರುದಿನ ಹಿನ್ನೆಲೆ ಬೇರೆ. ಚಾವುಂಡರಾಯನಿಗೆ ನಾಗವರ್ಮನೆಂಬ ತಮ್ಮನಿದ್ದನು. ಚಲದಂಕಗಂಗನೆಂದು ಹೆಸರಾಂತಿದ್ದ ಮುದುರಾಚಯ್ಯನೆಂಬ ವೀರನು ಈ ನಾಗವರ್ಮನನ್ನು ಕೊಂದನು. ಚಾವುಂಡರಾಯನು ಆ ಮುದುರಾಚಯ್ಯನನ್ನು ಹುಡುಕಿ ಹೊಡೆದು ಕೊಂದು ತಮ್ಮನ ಸಾವಿನ ಹಗೆಯನ್ನು ತೀರಿಸಿಕೊಂಡನು. ತಂದೆಯ ವಧೆಗೆ ಪ್ರತೀಕಾರವಾಗಿ ಕ್ಷತ್ರಿಯ ಕುಲವನ್ನೇ ಕಡಿದ ಪರಶುರಾಮನ ಹೆಸರು ಅವನಿಗೆ ಅಂಟಿಕೊಂಡದ್ದು ಹೀಗೆ. ಮುದುರಾಚಯ್ಯನು ಗಂಗ ಸಿಂಹಾಸನವನ್ನು ಬಯಸಿದವನು, ಆದುದರಿಂದ ರಾಜ್ಯದ ಶತ್ರು, ಎಂದು ಸಮರ್ಥನೆ ಹೇಳಬಹುದು; ಅದು ಸುಳ್ಳೂ ಅಲ್ಲ. ಆದರೂ ಬಿರುದು ಹುಟ್ಟಿದ್ದು ರಾಜ್ಯರಕ್ಷಣೆಯ ಹೆಸರಿನಲ್ಲಿ ಅಲ್ಲ, ಸೇಡಿನ ಹೆಸರಿನಲ್ಲಿ. ಕರ್ತವ್ಯದ ಕತ್ತಿಗೂ ಕ್ರೋಧದ ಕತ್ತಿಗೂ ಹೊರಗಿನಿಂದ ನೋಡುವವನಿಗೆ ಭೇದ ಕಾಣದು. ಆ ಭೇದವನ್ನು ಬಲ್ಲವನು ಕತ್ತಿ ಹಿಡಿದವನೊಬ್ಬನೇ.

ತನ್ನ ಬಿರುದುಗಳನ್ನು ಅವುಗಳ ಕಾರಣಸಹಿತವಾಗಿ ಚಾವುಂಡರಾಯನೇ ತನ್ನ ಪುರಾಣದಲ್ಲಿ ಹೇಳಿಕೊಂಡಿದ್ದಾನೆ. ಚಾವುಂಡರಾಯ ಪುರಾಣವೆಂದು ಪ್ರಸಿದ್ಧವಾದ ಆ ತ್ರಿಷಷ್ಟಿಲಕ್ಷಣ ಮಹಾಪುರಾಣವು ಕ್ರಿ. ಶ. 978ರಲ್ಲಿ ಮುಗಿಯಿತು. ಕನ್ನಡದ ಪ್ರಾಚೀನ ಗದ್ಯಗ್ರಂಥಗಳಲ್ಲಿ ಅದಕ್ಕೆ ಗಣ್ಯವಾದ ಸ್ಥಾನವಿದೆ. ಅದರಲ್ಲಿ ಗೊಮ್ಮಟಮೂರ್ತಿಯ ಪ್ರಸ್ತಾಪವಿಲ್ಲ. ಆದುದರಿಂದ ಮೂರ್ತಿಯ ನಿರ್ಮಾಣವು ಆ ತರುವಾಯದ್ದೆಂದು ವಿದ್ವಾಂಸರು ಊಹಿಸಿದ್ದಾರೆ. ನಮ್ಮ ಸಮಾಜವು ಕ್ರಿ. ಶ. 981ನ್ನು ಪ್ರತಿಷ್ಠೆಯ ವರ್ಷವೆಂದು ಅಂಗೀಕರಿಸಿ, 1981ರಲ್ಲಿ ಸಹಸ್ರಾಬ್ದಿ ಮಹೋತ್ಸವವನ್ನು ಆಚರಿಸಿತು. ಅಂತೂ ಸೇಡಿನ ಬಿರುದನ್ನು ಹೊತ್ತಿದ್ದ ಕೈಯೇ ಆ ಬಳಿಕ ಮೂರ್ತಿಯ ಕಾರ್ಯಕ್ಕೆ ತೊಡಗಿತು ಎಂಬುದರಲ್ಲಿ ಸಂಶಯವಿಲ್ಲ.

ಈ ನಡುವೆ ಅವನ ಮೇಲೆ ಪ್ರಭಾವ ಬೀರಿದ ಮಹಾನುಭಾವರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು. ಅವರ ಗೊಮ್ಮಟಸಾರವು ಚಾವುಂಡರಾಯನ ನಿಮಿತ್ತವಾಗಿಯೇ ರಚಿತವಾಯಿತೆಂಬುದು ಪರಂಪರೆಯ ನಂಬಿಕೆ; ಗೊಮ್ಮಟ ಎಂಬುದು ಚಾವುಂಡರಾಯನಿಗಿದ್ದ ಇನ್ನೊಂದು ಹೆಸರು. ಆಚಾರ್ಯರು ಸಿದ್ಧಾಂತಗ್ರಂಥವನ್ನು ಸ್ವಾಧ್ಯಾಯ ಮಾಡುತ್ತಿದ್ದಾಗ ರಾಯನು ಬರಲು, ಗೃಹಸ್ಥನಿಗೆ ಆ ಗ್ರಂಥದ ಅಧಿಕಾರವಿಲ್ಲವೆಂದು ಅವರು ಅದನ್ನು ಮುಚ್ಚಿಟ್ಟರೆಂದೂ, ಅವನ ಜಿಜ್ಞಾಸೆಯನ್ನು ಕಂಡು ಕನಿಕರಿಸಿ ಅದರ ಸಾರವನ್ನು ಬೇರೆಯಾಗಿ ಸಂಗ್ರಹಿಸಿಕೊಟ್ಟರೆಂದೂ ಹಿರಿಯರು ಹೇಳುವುದುಂಟು. ಜೀವಕಾಂಡ, ಕರ್ಮಕಾಂಡಗಳೆಂಬ ಎರಡು ಭಾಗಗಳಲ್ಲಿ ಸುಮಾರು 1700 ಪ್ರಾಕೃತ ಗಾಹೆಗಳುಳ್ಳ ಆ ಮಹಾಗ್ರಂಥಕ್ಕೆ ರಾಯನು ದೇಶಭಾಷೆಯಲ್ಲಿ ವೀರಮಾರ್ತಾಂಡಿಯೆಂಬ ವೃತ್ತಿಯನ್ನು ರಚಿಸಿದನೆಂದು ತಿಳಿದುಬರುತ್ತದೆ. ಆ ವೃತ್ತಿ ಇಂದು ಉಪಲಬ್ಧವಿಲ್ಲ. ಅದು ಕಾಲವಶವಾದುದು ಕನ್ನಡಕ್ಕೂ ಜೈನ ಸಮಾಜಕ್ಕೂ ಆದ ದೊಡ್ಡ ನಷ್ಟ. ಕ್ರೋಧವನ್ನು ಕುರಿತ ಗಾಹೆಗಳಿಗೆ ಸಮರಪರಶುರಾಮನು ಯಾವ ಅರ್ಥವನ್ನು ಬರೆದಿದ್ದನೋ!

ಆ ಗಾಹೆಗಳಾದರೋ ಸಾಮಾನ್ಯವಾದವುಗಳಲ್ಲ. ಜೀವಕಾಂಡದ ಕಷಾಯ ಮಾರ್ಗಣೆಯಲ್ಲಿ ಆಚಾರ್ಯರು ಕ್ರೋಧವನ್ನು ಅದರ ಬಲವನ್ನನುಸರಿಸಿ ನಾಲ್ಕು ರೇಖೆಗಳಿಗೆ ಹೋಲಿಸುತ್ತಾರೆ. ಶಿಲೆಯಲ್ಲಿ ಕೊರೆದ ರೇಖೆಯಂಥದು ಒಂದು, ಬಿರಿದ ನೆಲದ ರೇಖೆಯಂಥದು ಒಂದು, ಧೂಳಿನಲ್ಲಿ ಎಳೆದ ರೇಖೆಯಂಥದು ಒಂದು, ನೀರಿನ ಮೇಲಿನ ರೇಖೆಯಂಥದು ಮತ್ತೊಂದು. ಶಿಲಾರೇಖೆಯಂತಹ ಕ್ರೋಧವು ಜೀವನನ್ನು ನರಕಗತಿಗೂ, ಭೂರೇಖೆಯಂಥದು ತಿರ್ಯಗ್ಗತಿಗೂ, ಧೂಳಿಯ ರೇಖೆಯಂಥದು ಮನುಷ್ಯಗತಿಗೂ, ಜಲರೇಖೆಯಂಥದು ದೇವಗತಿಗೂ ಒಯ್ಯುತ್ತದೆ. ಇದರೊಡನೆ ಕರ್ಮಕಾಂಡದಲ್ಲಿ ಕಷಾಯಗಳ ವಾಸನಾಕಾಲವನ್ನೂ, ಎಂದರೆ ಅವುಗಳ ಸಂಸ್ಕಾರವು ಮನಸ್ಸಿನಲ್ಲಿ ನಿಲ್ಲುವ ಅವಧಿಯನ್ನೂ ಅವರು ಅಳೆದುಕೊಟ್ಟಿದ್ದಾರೆ. ಸಂಜ್ವಲನ ಕಷಾಯವು ಒಂದು ಅಂತರ್ಮುಹೂರ್ತದೊಳಗೆ ಆರಿಹೋಗುತ್ತದೆ. ಪ್ರತ್ಯಾಖ್ಯಾನಾವರಣವು ಒಂದು ಪಕ್ಷ ನಿಲ್ಲುತ್ತದೆ. ಅಪ್ರತ್ಯಾಖ್ಯಾನಾವರಣವು ಆರು ತಿಂಗಳು. ಆರು ತಿಂಗಳನ್ನೂ ಮೀರಿ ಭವಭವಗಳಿಗೆ ಬೆಂಬತ್ತುವುದು ಅನಂತಾನುಬಂಧಿ. ಅದು ಸಮ್ಯಕ್ತ್ವವನ್ನೇ ಘಾತಿಸುತ್ತದೆ.

ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ನನ್ನ ಪ್ರಾರ್ಥನೆ. ಕೋಪ ಬಂತೆಂಬ ಮಾತ್ರಕ್ಕೆ ಶ್ರದ್ಧೆ ನಾಶವಾಯಿತೆಂದು ಆಚಾರ್ಯರು ಹೇಳಲಿಲ್ಲ. ಗೃಹಸ್ಥನಿಗೆ ಕೋಪ ಬರುತ್ತದೆ. ಮುನಿಗೂ ನೀರಿನ ಗೆರೆಯಷ್ಟು ಬಂದೀತು. ಅವರು ಕೇಳಿದ್ದು ಅದು ಎಷ್ಟು ದಿನ ಇತ್ತು ಎಂಬುದನ್ನು. ಜಿನೇಂದ್ರನ ಎದುರಿನಲ್ಲಿ ಕೈಮುಗಿದು ನಿಂತವನ ಎದೆಯಲ್ಲಿ ಕಳೆದ ವರ್ಷದ ಹಗೆ ಹಾಗೆಯೇ ಇದ್ದರೆ, ಅವನು ನಿಂತಿರುವ ಸ್ಥಳ ಬಸದಿಯಾದರೂ ಅವನ ದೃಷ್ಟಿ ಜಿನಮಾರ್ಗದಿಂದ ಆಚೆಗೆ ಹೊರಳಿರುತ್ತದೆ. ನಮ್ಮ ಧರ್ಮದಲ್ಲಿ ದೇವರು ಮುನಿದು ಭಕ್ತನನ್ನು ದೂರ ಮಾಡುವುದಿಲ್ಲ. ವೀತರಾಗನಿಗೆ ಮುನಿಸೂ ಇಲ್ಲ, ಒಲವೂ ಇಲ್ಲ. ದೂರ ಹೋಗುವವನು ಭಕ್ತನೇ, ಹೋಗುವುದು ತನ್ನ ಕಷಾಯದ ಕಾಲುಗಳಿಂದಲೇ. ಪ್ರತಿ ವರ್ಷ ದಶಲಕ್ಷಣ ಪರ್ವದ ಆರಂಭದಲ್ಲಿ ಉತ್ತಮಕ್ಷಮೆಯನ್ನೂ ಕೊನೆಯಲ್ಲಿ ಕ್ಷಮಾವಣಿಯನ್ನೂ ಹಿರಿಯರು ಇಟ್ಟದ್ದು ಏತಕ್ಕೆಂಬುದು ಈ ವಾಸನಾಕಾಲದ ಲೆಕ್ಕವನ್ನು ಬಲ್ಲವರಿಗೆ ಹೊಳೆಯದಿರದು. ದಾಯಾದಿಯ ಮನೆಯ ಮದುವೆಗೆ ಹೋಗದೆ ಹತ್ತು ವರ್ಷಗಳಾದರೂ ತಪ್ಪದೆ ಅಭಿಷೇಕಕ್ಕೆ ಬರುವವರು ನಮ್ಮಲ್ಲಿ ಇಲ್ಲವೇ?

ತಮ್ಮನನ್ನು ಕಳೆದುಕೊಂಡ ಈ ದಂಡನಾಯಕನು ತನ್ನ ಪುರಾಣದಲ್ಲಿ ಅಣ್ಣತಮ್ಮಂದಿರ ಇನ್ನೊಂದು ಕಥೆಯನ್ನೂ ಬರೆಯಬೇಕಾಯಿತು. ಭರತ ಬಾಹುಬಲಿಗಳ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆದರೂ ಅದರಲ್ಲಿ ಮಾತ್ಸರ್ಯವು ಹೊಕ್ಕ ಬಾಗಿಲನ್ನು ಗಮನಿಸಬೇಕು. ಷಟ್ಖಂಡವನ್ನು ಗೆದ್ದು ಬಂದ ಭರತನ ಚಕ್ರರತ್ನವು ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಟ್ಟಿತು. ಇತರ ತಮ್ಮಂದಿರೆಲ್ಲ ತಂದೆಯಾದ ವೃಷಭಸ್ವಾಮಿಯ ಬಳಿಗೆ ಹೋಗಿ ದೀಕ್ಷೆ ಪಡೆದರು. ಪೌದನಪುರದ ಬಾಹುಬಲಿಯೊಬ್ಬನು ತಲೆಬಾಗಲಿಲ್ಲ. ಭರತನಿಗೆ ಕೊರತೆಯಿದ್ದುದು ಯಾವುದರಲ್ಲಿ? ನವನಿಧಿಗಳಿದ್ದವು, ಹದಿನಾಲ್ಕು ರತ್ನಗಳಿದ್ದವು. ಬಾಗದ ಒಂದು ತಲೆ ಮಾತ್ರ ಅವನ ನಿದ್ರೆಯನ್ನು ಕಸಿಯಿತು. ಮಾತ್ಸರ್ಯದ ಲಕ್ಷಣವೇ ಇದು: ತನಗೆ ಇಲ್ಲದುದಕ್ಕೆ ಅದು ಅಷ್ಟಾಗಿ ಅಳುವುದಿಲ್ಲ, ಇನ್ನೊಬ್ಬನಿಗೆ ಇರುವುದನ್ನು ಸಹಿಸದು.

ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಸೋತ ಭರತನು ಕ್ರೋಧಾಂಧನಾಗಿ ಒಡಹುಟ್ಟಿದವನ ಮೇಲೆ ಚಕ್ರವನ್ನೇ ಪ್ರಯೋಗಿಸಿದನು. ಅವನೋ ಆದಿತೀರ್ಥಂಕರನ ಮಗ, ಅದೇ ಜನ್ಮದಲ್ಲಿ ಮುಕ್ತಿಗೆ ಸಲ್ಲುವ ಚರಮಶರೀರಿ. ಅಂಥವನೂ ಅಸೂಯೆಯ ಕೈಹಿಡಿದು ಕೋಪದ ಅಂಚಿನವರೆಗೆ ನಡೆದುಬಿಟ್ಟನು. ಚಕ್ರವು ಬಾಹುಬಲಿಯನ್ನು ಸುತ್ತಿ ಸುಮ್ಮನಾಯಿತು. ಗೆದ್ದವನು ಬಾಹುಬಲಿ, ಆದರೆ ಆ ಗೆಲುವಿನ ಗಳಿಗೆಯಲ್ಲಿಯೇ ಅವನಿಗೆ ರಾಜ್ಯವು ಹೇಸಿಕೆಯಾಗಿ ಕಂಡಿತು. ಅಣ್ಣನಿಗೆ ಎಲ್ಲವನ್ನೂ ಒಪ್ಪಿಸಿ ತಪಸ್ಸಿಗೆ ಹೊರಟು, ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನು. ಕಾಲ ಬಳಿ ಹುತ್ತ ಬೆಳೆಯಿತು, ತೋಳುಗಳಿಗೆ ಲತೆ ಹಬ್ಬಿತು. ಅಷ್ಟಾದರೂ ಕೇವಲಜ್ಞಾನವು ತಡೆದು ನಿಂತಿತ್ತು. ತನ್ನಿಂದ ಭರತನಿಗೆ ಸಂಕ್ಲೇಶವಾಯಿತಲ್ಲಾ ಎಂಬ ಒಂದು ಎಳೆ ಅವನ ಮನಸ್ಸಿನಲ್ಲಿ ಉಳಿದಿತ್ತೆಂದು ಜಿನಸೇನಾಚಾರ್ಯರ ಮಹಾಪುರಾಣವು ತಿಳಿಸುತ್ತದೆ. ಭರತನು ಬಂದು ಪೂಜಿಸಿದಾಗ ಆ ಎಳೆಯೂ ಕಡಿಯಿತು. ಅಣ್ಣನ ನೆಲದ ಮೇಲೆ ನಿಂತಿದ್ದೇನೆಂಬ ಅಭಿಮಾನವೇ ಅಡ್ಡಿಯಾಗಿತ್ತೆಂದು ಜನರಲ್ಲಿ ರೂಢಿಯಾಗಿರುವ ಕಥೆಗಿಂತ ಜಿನಸೇನರ ಈ ನಿರೂಪಣೆಯೇ ನನಗೆ ಹೆಚ್ಚು ಗಂಭೀರವಾಗಿ ತೋರುತ್ತದೆ. ನೋಯಿಸಿದವನೇ ಬಂದು ಕೈಮುಗಿಯುವವರೆಗೆ ನೊಂದವನ ಬಿಡುಗಡೆಯೂ ಕಾಯಬೇಕಾಯಿತು.

ತೀರ್ಥಂಕರರಲ್ಲದ ಬಾಹುಬಲಿ ಸ್ವಾಮಿಯನ್ನೇ ಚಾವುಂಡರಾಯನು ತನ್ನ ಮಹಾಕಾರ್ಯಕ್ಕೆ ಆರಿಸಿಕೊಂಡುದೇಕೆ? ಪರಂಪರೆಯ ಉತ್ತರ ಎಲ್ಲರಿಗೂ ತಿಳಿದದ್ದು. ಪೌದನಪುರದಲ್ಲಿ ಭರತನು ಮಾಡಿಸಿದ ಬಾಹುಬಲಿಯ ಮೂರ್ತಿಯ ವರ್ಣನೆಯನ್ನು ಕೇಳಿದ ಕಾಳಲದೇವಿಯು ಅದರ ದರ್ಶನವಾಗುವವರೆಗೆ ಹಾಲನ್ನು ಮುಟ್ಟೆನೆಂದು ವ್ರತ ತೊಟ್ಟಳು. ಮಗನು ತಾಯಿಯೊಡನೆಯೂ ಗುರುಗಳೊಡನೆಯೂ ಹೊರಟು ಬೆಳ್ಗೊಳದಲ್ಲಿ ತಂಗಿದನು. ಅಲ್ಲಿ ಸ್ವಪ್ನಾದೇಶವಾಗಿ ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟದ ಕಡೆಗೆ ಬಾಣವನ್ನು ಬಿಟ್ಟನು. ತಾಯಿಯ ಭಕ್ತಿಯನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ತಮ್ಮನ ರಕ್ತಕ್ಕೆ ರಕ್ತವನ್ನು ಪಡೆದ ಒಬ್ಬ ಅಣ್ಣನು, ಕೈಗೆ ಸಿಕ್ಕ ಎದುರಾಳಿಯನ್ನು ಕೊಲ್ಲದೆ ಬಿಟ್ಟ ಒಬ್ಬ ತಮ್ಮನ ಮೂರ್ತಿಯನ್ನು ನಿಲ್ಲಿಸಿದನೆಂಬುದು ಕೇವಲ ಯೋಗಾಯೋಗವೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಗೊಮ್ಮಟಸಾರದ ಕೊನೆಯ ಗಾಹೆಗಳಲ್ಲಿ ಈ ಮೂರ್ತಿಯು ದಕ್ಷಿಣಕುಕ್ಕುಟ ಜಿನನೆಂದು ಉಲ್ಲೇಖಗೊಂಡಿದೆ. ಎಂದರೆ, ಶಿಲಾರೇಖೆಯ ಕ್ರೋಧವನ್ನು ಆಚಾರ್ಯರು ಗಾಹೆಯಲ್ಲಿ ನಿರೂಪಿಸಿದ ಕಾಲವೂ, ಶಿಲೆಯಲ್ಲಿ ಶಿಲ್ಪಿಗಳು ಆ ಪ್ರಶಾಂತ ಮುಖವನ್ನು ಬಿಡಿಸಿದ ಕಾಲವೂ ಹೆಚ್ಚು ಕಡಿಮೆ ಒಂದೇ.

ಆದರೆ ಕ್ರೋಧ ಹೋದ ಮನೆಗೆ ಮಾನವು ಬಂದು ಕೂರುವುದುಂಟು. ಪ್ರತಿಷ್ಠೆಯಾದ ಮೇಲೆ ನಡೆದುದೆಂದು ಹೇಳುವ ಗುಳ್ಳಕಾಯಜ್ಜಿಯ ಕಥೆ ಐತಿಹಾಸಿಕವೋ ಅಲ್ಲವೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಇಂಥ ಮೂರ್ತಿಯನ್ನು ಮಾಡಿಸಿದವನು ನಾನೆಂಬ ಭಾವವು ರಾಯನ ಮನಸ್ಸಿನಲ್ಲಿ ಹೊಕ್ಕಿತಂತೆ. ಕೊಡಗಟ್ಟಲೆ ಪಂಚಾಮೃತವನ್ನು ಸುರಿದರೂ ಅಭಿಷೇಕವು ಸ್ವಾಮಿಯ ನಡುವಿನಿಂದ ಕೆಳಗೆ ಇಳಿಯಲಿಲ್ಲವಂತೆ. ಕೊನೆಗೆ ಒಬ್ಬ ಬಡ ಮುದುಕಿ ಗುಳ್ಳಕಾಯಿಯಷ್ಟು ಹಾಲನ್ನು ತಂದು ಎರೆಯಲು ಅದು ಪಾದದವರೆಗೆ ಹರಿದು ಬೆಟ್ಟವನ್ನೇ ತೋಯಿಸಿತಂತೆ. ಆಕೆ ಕೂಷ್ಮಾಂಡಿನಿ ದೇವಿಯೆಂದು ಜನ ನಂಬುತ್ತಾರೆ. ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಪವಾಡವಲ್ಲ. ತನ್ನ ಸಾವಿರ ಕೊಡಗಳು ಮಾಡಲಾರದುದನ್ನು ಮುದುಕಿಯ ಒಂದು ಗುಳ್ಳಕಾಯಿ ಮಾಡಿದಾಗ ರಾಯನು ಅದನ್ನು ಸಹಿಸಿದನು. ಸಹಿಸಿದುದಷ್ಟೇ ಅಲ್ಲ, ಆಕೆಯ ಮೂರ್ತಿಯನ್ನು ಸ್ವಾಮಿಗೆ ಎದುರಾಗಿ ನಿಲ್ಲಿಸಿದನೆಂದು ಪರಂಪರೆ. ಬೆಟ್ಟ ಹತ್ತಿದವರೆಲ್ಲರೂ ಇಂದಿಗೂ ಆಕೆಯನ್ನು ನೋಡುತ್ತಾರೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅತಿಥಿಸಂವಿಭಾಗ ವ್ರತದ ಐದು ಅತಿಚಾರಗಳಲ್ಲಿ ಮಾತ್ಸರ್ಯವನ್ನೂ ಎಣಿಸಿದ್ದಾರೆ. ಆದರವಿಲ್ಲದೆ ಕೊಡುವುದು, ಬೇರೆ ದಾತೃಗಳ ಗುಣವನ್ನು ಸಹಿಸದೆ ಇರುವುದು ಎಂದು ಪೂಜ್ಯಪಾದರು ಅದನ್ನು ವಿವರಿಸುತ್ತಾರೆ. ಕೊಡದವನ ಲೋಭವನ್ನಲ್ಲ, ಕೊಡುವವನ ಹೊಟ್ಟೆಕಿಚ್ಚನ್ನು ಶಾಸ್ತ್ರಕಾರರು ಇಲ್ಲಿ ದೋಷವೆಂದು ಹಿಡಿದರು. ಪ್ರತಿಷ್ಠಾ ಮಹೋತ್ಸವಗಳಲ್ಲಿ ಪ್ರಥಮ ಕಳಶದ ಸವಾಲು, ಸೌಧರ್ಮೇಂದ್ರನ ಸ್ಥಾನ, ದಾನಿಗಳ ಶಿಲಾಫಲಕದಲ್ಲಿ ಹೆಸರಿನ ಅನುಕ್ರಮ ಇವೇ ಮುಂತಾದವುಗಳ ಬಗ್ಗೆ ಮನಸ್ತಾಪ ಹುಟ್ಟಿ, ಅದು ವರ್ಷಗಟ್ಟಲೆ ಬೆಳೆದು, ಒಂದು ಬಸದಿಯ ಶ್ರಾವಕರು ಎರಡು ಪಂಗಡಗಳಾದ ಉದಾಹರಣೆಗಳು ನಾಡಿನಲ್ಲಿ ಇಲ್ಲದಿಲ್ಲ. ಹಾಸನ, ತುಮಕೂರು, ಮೈಸೂರು, ದಕ್ಷಿಣ ಕನ್ನಡ, ಬೆಳಗಾವಿಗಳಿಂದ ಬಂದು ಈ ದಕ್ಷಿಣ ಬೆಂಗಳೂರಿನಲ್ಲಿ ನೆಲೆಸಿ, ಬೇರೆ ಬೇರೆ ಪದ್ಧತಿಗಳನ್ನು ಜೊತೆಗೆ ತಂದಿರುವ ನಮ್ಮಂಥವರ ನಡುವೆ ಅಂಥ ಕಿಡಿ ಬೀಳುವುದು ಇನ್ನೂ ಸುಲಭ. ಹತ್ತು ಸಾವಿರ ಕೊಟ್ಟವನು ಲಕ್ಷ ಕೊಟ್ಟವನನ್ನು ಸಹಿಸದಿರುವುದು ಲೋಕದಲ್ಲಿ ಕಾಣುವ ಸಂಗತಿ. ಲಕ್ಷ ಕೊಟ್ಟವನು ಅಭಿಷೇಕದ ಹಾಲು ತಂದ ಮುದುಕಿಯನ್ನು ಸಹಿಸದಿರುವುದೂ ಉಂಟು.

ರಾಯನ ಉತ್ತರಜೀವನದ ವಿವರಗಳು ಹೆಚ್ಚಾಗಿ ದೊರೆಯುವುದಿಲ್ಲ. ಅವನು ಕವಿ ರನ್ನನಿಗೆ ಆಶ್ರಯದಾತನಾಗಿದ್ದನು. ಭೀಮ ದುರ್ಯೋಧನರ ಹಗೆಯನ್ನು ಕನ್ನಡದಲ್ಲಿ ಅಜರಾಮರಗೊಳಿಸಿದ ರನ್ನನೂ ಸಮರಪರಶುರಾಮ ಚಾವುಂಡರಾಯನೂ ಒಂದೇ ಗುರುವಿನ, ಎಂದರೆ ಅಜಿತಸೇನರ, ಶಿಷ್ಯರೆಂಬುದು ಸ್ವಾರಸ್ಯದ ಸಂಗತಿ. ದಾನಚಿಂತಾಮಣಿ ಅತ್ತಿಮಬ್ಬೆಯು ಬೆಟ್ಟವನ್ನೇರಿ ಈ ಮೂರ್ತಿಯ ದರ್ಶನ ಮಾಡಿದುದನ್ನು ಅದೇ ರನ್ನನು ಕ್ರಿ. ಶ. 993ರ ಅಜಿತಪುರಾಣದಲ್ಲಿ ಸ್ಮರಿಸಿದ್ದಾನೆ. ರಾಷ್ಟ್ರಕೂಟರ ಪಟ್ಟವನ್ನು ಬಯಸಿ ನಿರಾಶನಾಗಿದ್ದ ಇಂದ್ರನು ಕ್ರಿ. ಶ. 982ರಲ್ಲಿ ಬೆಳ್ಗೊಳಕ್ಕೆ ಬಂದು ಸಲ್ಲೇಖನದಿಂದ ಮೃತನಾದನು. ಯಾರಿಗಾಗಿ ಗಂಗರು ಕತ್ತಿ ಹಿಡಿದಿದ್ದರೋ ಆ ರಾಜಕುಮಾರನು ಕಣ್ಮುಚ್ಚಿದ್ದು ಇದೇ ತೀರ್ಥದಲ್ಲಿ. ಚಿಕ್ಕಬೆಟ್ಟದ ಚಾವುಂಡರಾಯ ಬಸದಿಯ ಮೇಲಂತಸ್ತಿನಲ್ಲಿರುವ ಪಾರ್ಶ್ವನಾಥ ಬಿಂಬದ ಪೀಠದ ಶಾಸನವು ರಾಯನ ಮಗನಾದ ಜಿನದೇವಣನು ಬೆಳ್ಗೊಳದಲ್ಲಿ ಜಿನಮಂದಿರವನ್ನು ಮಾಡಿಸಿದನೆಂದು ತಿಳಿಸುತ್ತದೆ. ಅವನೂ ಅಜಿತಸೇನ ಮುನಿಗಳ ಶಿಷ್ಯನೇ.

ದೊಡ್ಡಬೆಟ್ಟವನ್ನು ಹತ್ತುವಾಗ ತ್ಯಾಗದ ಬ್ರಹ್ಮದೇವರ ಕಂಬವೆಂಬ ಕುಸುರಿ ಕೆಲಸದ ಸ್ತಂಭವೊಂದು ಸಿಗುತ್ತದೆ. ಚಾವುಂಡರಾಯನು ದಾನಗಳನ್ನು ಕೊಡುತ್ತಿದ್ದುದು ಅಲ್ಲಿಯೇ ಎಂದು ಹೇಳುತ್ತಾರೆ. ಅದರ ನಾಲ್ಕು ಮುಖಗಳಲ್ಲಿಯೂ ಒಮ್ಮೆ ಅವನ ಶಾಸನವಿತ್ತು. ಈಗ ಉಳಿದಿರುವುದು ಒಂದು ಮುಖದ್ದು ಮಾತ್ರ, ಅದರಲ್ಲಿರುವುದು ಅವನ ಕುಲವರ್ಣನೆಯೂ ಯುದ್ಧಗಳ ವಿಜಯವೂ. ಕ್ರಿ. ಶ. 1200ರ ಸುಮಾರಿಗೆ ಹೆಗ್ಗಡೆ ಕಣ್ಣನೆಂಬವನು ತಾನು ಮಾಡಿಸಿದ ಯಕ್ಷನ ಕುರಿತು ಕೆಲವೇ ಪಂಕ್ತಿಗಳ ಒಂದು ಲಿಪಿಯನ್ನು ಹಾಕಿಸುವುದಕ್ಕಾಗಿ ಉಳಿದ ಮೂರು ಮುಖಗಳ ಬರಹವನ್ನು ಕೆತ್ತಿಸಿ ಅಳಿಸಿದನೆಂದು ಶಾಸನತಜ್ಞರು ಅಭಿಪ್ರಾಯಪಟ್ಟಿದ್ದಾರೆ. ಹಾಗೆ ಮಾಡಲು ಅವನಿಗಿದ್ದ ಕಾರಣವನ್ನು ಶಾಸನ ಹೇಳುವುದಿಲ್ಲ.

ಅಲ್ಲಿಂದ ಮೇಲೆ ನಡೆದು, ಇಕ್ಕೆಲಗಳಲ್ಲಿ ಬಾಹುಬಲಿ ಭರತರ ಗುಡಿಗಳುಳ್ಳ ಅಖಂಡಬಾಗಿಲನ್ನು ದಾಟಿ, ಸ್ವಾಮಿಯ ಪಾದದ ಬಳಿ ನಿಂತರೆ ಬೇರೊಂದು ಬರಹ ಕಾಣುತ್ತದೆ. ಮೂರ್ತಿಯನ್ನು ಚಾವುಂಡರಾಯನು ಮಾಡಿಸಿದನೆಂಬ ಒಂದೇ ಮಾತು ಕನ್ನಡ, ತಮಿಳು, ಮರಾಠಿಗಳಲ್ಲಿ ಅಲ್ಲಿದೆ. ವೀರಮಾರ್ತಾಂಡನೆಂಬುದಾಗಲಿ, ರಣರಂಗಸಿಂಗನೆಂಬುದಾಗಲಿ, ಸಮರಪರಶುರಾಮನೆಂಬುದಾಗಲಿ ಅಲ್ಲಿ ಇಲ್ಲ. ಸುಮಾರು ನೂರ ಮೂವತ್ತು ವರ್ಷಗಳ ತರುವಾಯ ಹೊಯ್ಸಳ ದಂಡನಾಯಕ ಗಂಗರಾಜನು ಮೂರ್ತಿಯ ಸುತ್ತಾಲಯವನ್ನು ಕಟ್ಟಿಸಿದಾಗ, ಹಿಂದಿನವನ ಹೆಸರನ್ನು ಅಲುಗಿಸದೆ ಅದರೊಡನೆ ತನ್ನದನ್ನೂ ಅಷ್ಟೇ ಚಿಕ್ಕದಾಗಿ ಬರೆಯಿಸಿದನು. ಎರಡು ಹೆಸರುಗಳೂ ಇಂದಿಗೂ ಅಲ್ಲಿ ಜೊತೆಯಾಗಿವೆ.